ಎಲೆಯ ಲಾರಿಗೆ ಮಡಿಯ ಡ್ರೈವರ್

ಹೋದ ತಿಂಗಳು ಶಿಗ್ಗಾವಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತಿದ್ದೆ. ಪಕ್ಕದಲ್ಲಿ ಯಾರೋ ವೀಳ್ಯದೆಲೆಯ ಬುಟ್ಟಿ ಬಿಚ್ಚಿದರು. ಒದ್ದೆಯಾದ ಬಾಳೆಯ ಹೊದಿಕೆ, ಅದರೊಳಗೆ ದಾರಿಯುದ್ದ ಬೆಂದ ಎಲೆ. ಅದು ಘಮವಲ್ಲ, ನಾತವೂ ಅಲ್ಲ. ಘಮ ನಾತಕ್ಕೆ ತಿರುಗುವ ಹೊತ್ತಿನ ವಾಸನೆ. "ಯಜಮಾನ್ರ, ತಗೊಂತೀರೋ, ಬರೇ ಹಿಚುಕ್ತೀರೋ?" ಎಂದು ಮಾರುವವಳು ಗದರಿದಾಗಲೇ ಕೈಯಲ್ಲಿ ಬದನೆಕಾಯಿ ಇದ್ದದ್ದು ನೆನಪಾಯಿತು. ಸುಮ್ಮನೆ ಕೇಳಿದಷ್ಟು ಕೊಟ್ಟು ತೆಗೆದುಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಹುಳುಕು.

ನಾನು ಸಂಶಯದ ಮನುಷ್ಯ, ಮೊದಲೇ ಹೇಳಿಬಿಡುತ್ತೇನೆ. ತಕ್ಕಡಿಯ ಕಲ್ಲನ್ನು ತಿರುವಿ ನೋಡದೆ ಬಿಟ್ಟವನಲ್ಲ, ನಗುನಗುತ್ತ ಮಾತಾಡಿಸುವವರನ್ನು ನಂಬಿದವನಲ್ಲ. ಆ ಗುಣ ಹುಟ್ಟಿನಿಂದಲೇ ಸ್ವಲ್ಪ ಇತ್ತು. ಪೂರಾ ಬಲಿತದ್ದು ಮಾತ್ರ ದೊಡ್ಡ ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ, ಸಾವಣೂರಿನ ಎಲೆಯ ಲಾರಿಯ ಮೇಲೆ.

ನಮ್ಮದು ಸಾವಣೂರಿನ ವೈಷ್ಣವರ ಓಣಿ. ಅಜ್ಜ ಶಾಸ್ತ್ರ ಹೇಳಿದವರು, ಅಪ್ಪ ಪುರಾಣ ಓದಿದವರು, ನಾನು ಮೋಟಾರು ಹೊಡೆದವನು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಶಿಗ್ಗಾವಿಯ ಡಾಕ್ಟರೊಬ್ಬರ ಮೋಟಾರು ನಡೆಸುತ್ತಿದ್ದೆ. ದುಂಡಸಿಗೆ ಹೆರಿಗೆ, ತಿಳವಳ್ಳಿಗೆ ಜ್ವರ, ಬಹಳವಾದರೆ ಹಿರೇಕೆರೂರಿಗೆ ಹಾವು ಕಡಿದದ್ದು. ಅದೇ ನನ್ನ ಭೂಪಟ. ಹಿರೇಕೆರೂರಿನ ಆಚೆ ರಸ್ತೆ ಇದೆಯೆಂದು ಕೇಳಿದ್ದೆ, ನೋಡಿರಲಿಲ್ಲ. ಯುದ್ಧ ಬಂತು, ಪೆಟ್ರೋಲು ಹೋಯಿತು. ಡಾಕ್ಟರು ಮೋಟಾರನ್ನು ಇಟ್ಟಿಗೆಗಳ ಮೇಲೆ ಕೂರಿಸಿ ಟಾಂಗಾ ಕೊಂಡರು. ಕುದುರೆ ಹೊಡೆಯುವುದು ನನಗೆ ಬರಲಿಲ್ಲ, ಕುದುರೆಗೂ ನಾನು ಸೇರಲಿಲ್ಲ. ಊರಿಗೆ ಮರಳಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ರುದ್ರಪ್ಪ ಸಾಹುಕಾರರಿಂದ ಕರೆ ಬಂತು. ಸ್ವಂತ ಎಲೆತೋಟ ಇದ್ದವರು, ಬೇರೆಯವರ ಎಲೆಯನ್ನೂ ಕೊಂಡು ಕೊಲ್ಲಾಪುರಕ್ಕೆ ಕಳಿಸುವವರು. ಮೊದಲೆಲ್ಲ ಎಲೆ ರೈಲಿನಲ್ಲಿ ಹೋಗುತ್ತಿತ್ತು. ರೈಲಿನ ಡಬ್ಬಿಗಳನ್ನೆಲ್ಲ ಸರಕಾರ ದಂಡಿಗೆ ಎಳೆದುಕೊಂಡ ಮೇಲೆ ಲಾರಿಯಲ್ಲಿ ಕಳಿಸಲು ಶುರು ಮಾಡಿದ್ದರು.

"ಬರ್ರಿ ಆಚಾರ್ರ, ಕುಂತ್ರಿ. ಲಾರಿಗೆ ಡ್ರೈವರ್ ಬೇಕಾಗ್ಯಾನ," ಎಂದರು. ನಾನು ಎದೆ ಗಟ್ಟಿ ಮಾಡಿಕೊಂಡು ಕೂತೆ. ಎಷ್ಟು ದೂರ ಹೊಡೆದಿದ್ದೀರಿ, ಯಾವ ಗಾಡಿ ಹೊಡೆದಿದ್ದೀರಿ ಎಂದು ಕೇಳುತ್ತಾರೆ, ಏನು ಹೇಳಲಿ? ಅವರು ಕೇಳಿದ್ದು ಬೇರೆಯೇ.

"ಪರಊರಿಗೆ ಹೋದಾಗ ಊಟಕ್ಕ ಏನ ಮಾಡ್ತೀರಿ?"

"ಅವ್ವ ಕಟ್ಟಿಕೊಡ್ತಾಳ್ರಿ. ಅವಲಕ್ಕಿ, ಹುರಿಹಿಟ್ಟು."

"ಖಾನಾವಳಿ?"

"ಮೆಟ್ಟಲಾ ಸೈತ ಹತ್ತಿಲ್ಲ."

"ಉಳ್ಳಾಗಡ್ಡಿ ತಿಂತೀರಿ?"

"ಇಲ್ರಿ."

"ಮುಂಜಾನೆ ಜಳಕಾ?"

"ಮಾಡದ ಇದ್ರ ಅವ್ವ ಮನ್ಯಾಗ ಸೇರಿಸ್ಬೇಕಲ್ರಿ!"

ಸಾಹುಕಾರರು ತೊಡೆ ತಟ್ಟಿಕೊಂಡರು. "ಆತು, ನಾಳಿಂದ ಬರ್ರಿ."

ನನಗೆ ತಡೆಯಲಾಗಲಿಲ್ಲ. "ಸಾಹುಕಾರ್ರ, ನಾ ಹಿರೇಕೆರೂರ ದಾಟಿ ಹೋದಾಂವ ಅಲ್ಲ. ಲಾರಿ ಅಂತೂ ಮುಟ್ಟೇ ಇಲ್ಲ."

"ಅದೇನ ದೊಡ್ಡದ್ರಿ? ದಾರಿ ಕೊಲ್ಲಾಪುರಕ್ಕ ತಾನ ಹೊಕ್ಕೈತಿ," ಎಂದು ನಕ್ಕರು.

ಆ ನಗು ನನಗೆ ಸೇರಲಿಲ್ಲ. ಬಾರದ ಕೆಲಸವನ್ನು ಕರೆದು ಕೊಡುತ್ತಾರೆಂದರೆ ಅದರ ಹಿಂದೆ ಏನೋ ಇದೆ. ಎಲೆಯ ಕೆಳಗೆ ಕದ್ದ ಅಕ್ಕಿ ಸಾಗಿಸುತ್ತಿರಬೇಕು, ಪೊಲೀಸರ ನಾಕಾದಲ್ಲಿ ಸಿಕ್ಕಿಬಿದ್ದರೆ ಮುಂದೆ ತಳ್ಳಲು ಒಬ್ಬ ಬೆಪ್ಪ ಬೇಕಾಗಿರಬೇಕು ಎಂದುಕೊಂಡೆ. ಆದರೆ ಮನೆಯಲ್ಲಿ ಒಲೆ ಉರಿಯಬೇಕಲ್ಲ, ಹೂಂ ಎಂದು ಬಂದೆ.

ಲಾರಿ ನೋಡಿದ ಮೇಲೆ ಸಂಶಯ ಇಮ್ಮಡಿಯಾಯಿತು. ಮರದ ದಿಮ್ಮಿ, ಕಲ್ಲುಬಂಡೆ ಹೇರಲೆಂದು ಮಾಡಿಸಿದ ಗಾಡಿ ಅದು. ಹಿಂದೆ ಬರೀ ಹಲಗೆಯ ಹಾಸು, ಬದಿಗಳೇ ಇಲ್ಲ. ಡ್ರೈವರನ ಬೆನ್ನ ಹಿಂದೆ, ಅದೇ ಹಾಸಿನ ಮೇಲೆ, ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ. ಪೆಟ್ರೋಲು ಇಲ್ಲದ್ದಕ್ಕೆ ಅದರೊಳಗೆ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಇಂಜಿನು ನಡೆಸಬೇಕು. ಅದರ ಹತ್ತಿರ ನಿಂತು ಬೂದಿ ಕೆದಕುತ್ತಿದ್ದವನು ಹುಸೇನಸಾಬ. ನಡುವಯಸ್ಸಿನ ಗಟ್ಟಿ ಆಳು. ದಿಮ್ಮಿ ಹೇರುವ ಕಾಲದಿಂದ ಆ ಲಾರಿಯ ಡ್ರೈವರು ಅವನೇ ಆಗಿದ್ದ. ಎಲೆ ಹೇರಲು ಶುರುವಾದ ಮೇಲೆ ಸಾಹುಕಾರರು ಅವನನ್ನು ಕೆಳಗಿಳಿಸಿ ಇದ್ದಿಲು ಸುರಿಯಲು ಹಾಕಿದ್ದರು. ಯಾಕೆಂದು ಯಾರೂ ಹೇಳಲಿಲ್ಲ. ಎಲೆಯ ಬುಟ್ಟಿಗೆ ಅವನ ಕೈ ಹತ್ತಬಾರದು, ನೀರು ಚಿಮುಕಿಸುವುದು ಸಹ ನೀವೇ ಮಾಡಬೇಕು ಎಂದು ಮಾತ್ರ ನನಗೆ ತಾಕೀತು ಮಾಡಿದ್ದರು.

ಅವ್ವ ನನಗಿಂತ ಒಂದು ಕೈ ಮೇಲು. ಅವಲಕ್ಕಿ ಕಟ್ಟುತ್ತ, "ಗುಂಡಾ, ನೀ ಅವನ ತುತ್ತು ಕಸಗೊಂಡೀದಿ. ಅಂವ ನಿನ್ನ ಸುಮ್ಮ ಬಿಡ್ತಾನ? ನೀರು ಸೈತ ಅವನ ಮುಂದ ತೆರದು ಇಡಬ್ಯಾಡ," ಎಂದಳು. ಹುಸೇನಸಾಬನೂ ಕಡಿಮೆಯಿರಲಿಲ್ಲ. ನಾನು ಗಾಲಿಯ ಹತ್ತಿರ ಹೋದರೆ ಅವನು ಬಂದು ನಟ್ಟು ಮುಟ್ಟಿ ನೋಡುತ್ತಿದ್ದ, ಅವನು ಪೀಪಾಯಿಯ ಮುಚ್ಚಳ ತೆರೆದರೆ ನಾನು ಹೋಗಿ ಇಣುಕುತ್ತಿದ್ದೆ.

ಮೊದಲ ಪ್ರಯಾಣ ಈಗಲೂ ಮರೆತಿಲ್ಲ. ಹೊರಡುವ ಮುಂಚೆ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ಅಕ್ಕಿ ಇದೆಯೇ ಎಂದು ನೋಡಿದೆ. ಎಲೆ ಬಿಟ್ಟರೆ ಏನೂ ಇರಲಿಲ್ಲ. ಬಿಸಿಲು ತಾಗದಿರಲೆಂದು ಮೇಲೆ ತಾಡಪಾಲು ಬಿಗಿದು ಕಟ್ಟಿದೆವು. ಹುಬ್ಬಳ್ಳಿ, ಧಾರವಾಡ ಹೇಗೋ ದಾಟಿತು. ಬೆಳಗಾವಿಯಲ್ಲಿ ಮುಕ್ಕಾಂ. ಮರುದಿನ ನಿಪ್ಪಾಣಿಗಿಂತ ಮುಂಚೆ ತವಂದಿ ಘಾಟು. ಡಾಕ್ಟರರ ಮೋಟಾರು ಏರು ಬಂದರೆ ಒಂದು ಕೆಮ್ಮು ಕೆಮ್ಮಿ ಹತ್ತಿಬಿಡುತ್ತಿತ್ತು. ಇದು ಇದ್ದಿಲಿನ ಗಾಡಿ, ಕಸುವೇ ಇಲ್ಲ. ಗೇರು ತಪ್ಪಿತು, ಇಂಜಿನು ಸತ್ತಿತು, ಲಾರಿ ಹಿಂದಕ್ಕೆ ಸರಿಯತೊಡಗಿತು. ಬ್ರೇಕಿನ ಮೇಲೆ ನಿಂತೇಬಿಟ್ಟೆ, ಆದರೂ ನಿಲ್ಲಲಿಲ್ಲ. ಹುಸೇನಸಾಬ ಜಿಗಿದು ಗಾಲಿಗೆ ಕಲ್ಲು ಕೊಟ್ಟ.

"ಏನ ಆಚಾರ್ರ, ನಿಮಗಂತೂ ಹಿಂದ ಮುಂದ ಯಾರೂ ಇಲ್ಲೇನ? ನನಗ ಹೆಂಡ್ರು ಮಕ್ಕಳು ಅದಾರ!" ಎಂದು ಬೈದ. ತಪ್ಪು ನನ್ನದೇ, ಆದರೂ ಇವನೇ ಇದ್ದಿಲು ಕಡಿಮೆ ಹಾಕಿ ಗಾಡಿ ನಿಲ್ಲಿಸಿದನೇ ಎಂದು ನನ್ನ ತಲೆ ಓಡುತ್ತಿತ್ತು.

ಕೊಲ್ಲಾಪುರದಲ್ಲಿ ದಲಾಲಿ ಮುಂದಿನ ಸಾಲಿನ ಬುಟ್ಟಿಗಳನ್ನು ಬಿಚ್ಚಿ ಮೂಗು ಮುಚ್ಚಿಕೊಂಡ. ಎಲೆ ಕಪ್ಪಾಗಿ ಲೋಳೆ ಬಿಟ್ಟಿತ್ತು. ಹಿಂದಿನ ಬುಟ್ಟಿಗಳು ನೆಟ್ಟಗಿದ್ದರೂ ಇಡೀ ಮಾಲನ್ನೇ ಹಳಿದು, ಕಸದ ಬೆಲೆಗೆ ಕೇಳಿದ.

ಊರಿಗೆ ಬಂದಾಗ ಸಾಹುಕಾರರು ಜಗಲಿಯ ಮೇಲೆ ಕಾಯುತ್ತಿದ್ದರು. ಸುದ್ದಿ ಕೇಳಿ ಸಿಟ್ಟಾಗಲಿಲ್ಲ, ಅದು ಇನ್ನೂ ಹೆದರಿಕೆ ಹುಟ್ಟಿಸಿತು. ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ದಾರ್ಯಾಗ ಏನ ತಿಂದ್ರಿ?"

"ಅವಲಕ್ಕಿರಿ."

"ಖರೇ ಹೇಳ್ರಿ. ಒಂದ ಉಳ್ಳಾಗಡ್ಡಿ ಬಜಿ? ಧಾರವಾಡದಾಗ ಘಮಾ ಬಂತು, ಬಾಯಿ ತಡೀಲಿಲ್ಲ, ಹೌದಲ್ಲ?"

ಆಗ ಎಲ್ಲ ಹೊರಬಿತ್ತು. ಎಲೆತೋಟಕ್ಕೆ ಇಳಿಯುವವರು ಮಿಂದು, ಕೆರ ಬಿಟ್ಟು, ಮಡಿಯಲ್ಲಿ ಇಳಿಯಬೇಕು. ಮೈಲಿಗೆ ತಾಗಿದರೆ ಬಳ್ಳಿ ಕೊಳೆಯುತ್ತದೆ. ಅದು ನಮ್ಮ ಊರಿನಲ್ಲಿ ಎಲ್ಲ ಜಾತಿಯ ತೋಟಗಾರರೂ ನಡೆಸಿಕೊಂಡು ಬಂದದ್ದೇ. ಹುಸೇನಸಾಬನ ಮಾವನಿಗೂ ತೋಟವಿತ್ತು, ಅವನೂ ಮೀಯದೆ ಇಳಿಯುತ್ತಿರಲಿಲ್ಲ. ಸಾಹುಕಾರರು ಆ ಮಡಿಯನ್ನು ತೋಟದಿಂದ ಎತ್ತಿ ಲಾರಿಯ ಮೇಲೂ ಕೂರಿಸಿದ್ದರು. ಹುಸೇನಸಾಬ ಒಯ್ದ ಮಾಲು ಮೇಲಿಂದ ಮೇಲೆ ಕೊಳೆತಿತ್ತು. ಅವನು ದಾರಿಯಲ್ಲಿ ಖಾನಾವಳಿಯ ಮಾಂಸ ತಿಂದು ಮೀಯದೆ ಬುಟ್ಟಿ ಮುಟ್ಟುತ್ತಾನೆ, ಅದಕ್ಕೇ ಎಂದು ಅವರ ಲೆಕ್ಕ.

"ಇಲ್ಲಾಂದ್ರ ಲಾರಿ ಮುಟ್ಟದವನ್ನ ನಾ ಯಾಕ ಕರೀಲಿ ಆಚಾರ್ರ?" ಎಂದರು. "ಇನ್ನೊಮ್ಮೆ ಎಲಿ ಕೆಟ್ರ, ನಿಮ್ಮ ಮಡೀನೂ ಖೋಟಾ ಅಂತ ತಿಳಕೊಂಡು ಬ್ಯಾರೆಯವರನ್ನ ನೋಡ್ತೇನಿ."

ನೌಕರಿ ಸಿಕ್ಕಿದ್ದು ನನ್ನ ಕೈ ನೋಡಿ ಅಲ್ಲ, ಹೊಟ್ಟೆ ನೋಡಿ. ಗಾಡಿಗೆ ಕಟ್ಟುವ ನಿಂಬೆಹಣ್ಣಿನ ಜಾಗದಲ್ಲಿ ನನ್ನನ್ನು ಕೂರಿಸಿದ್ದರು.

ಎರಡನೆಯ ಸಲ ಹೊರಡುವಾಗ ನಾನು ಒಂದೇ ಹಟ ಹಿಡಿದಿದ್ದೆ: ಎಲೆ ಕೆಡಿಸುವವನನ್ನು ಹಿಡಿಯಬೇಕು. ಮಡಿಗೆ ನಾನು ತಪ್ಪಿಲ್ಲ, ಅಂದಮೇಲೆ ಇದು ಯಾರದೋ ಕೈವಾಡ. ಆ ಕೈ ಹುಸೇನಸಾಬನದೇ. ಬೆಳಗಾವಿಗಿಂತ ಮುಂಚೆ ಒಂದು ಹಳ್ಳದ ಹತ್ತಿರ ಇದ್ದಿಲು ಸುರಿಯಲು ನಿಲ್ಲಿಸಿದೆವು. ಅವನು ನೀರು ತರಲು ಇಳಿದ ಕೂಡಲೇ ನಾನು ಲಾರಿಯ ಮೇಲೆ ಹತ್ತಿ, ಮುಂದಿನ ಸಾಲಿನಲ್ಲಿ ಏನು ಬಚ್ಚಿಟ್ಟಿದ್ದಾನೋ ನೋಡೋಣ ಎಂದು ತಾಡಪಾಲಿನೊಳಗೆ ಕೈ ತೂರಿಸಿದೆ.

"ಅಯ್ಯಯ್ಯಪ್ಪಾ!" ಎಂದು ಕೈ ಕಿತ್ತುಕೊಂಡೆ. ಒಳಗೆ ಬಾಣಂತಿ ಕೋಣೆಯ ಹಾಗೆ ಕುದಿ ಹಬೆ. ಪೀಪಾಯಿಗೆ ಒತ್ತಿ ಬುಟ್ಟಿ ಜೋಡಿಸಿದ್ದೆವು. ಗಾಳಿ ಆಡದ ಹಾಗೆ ತಾಡಪಾಲು ಬಿಗಿದಿದ್ದೆವು. ಮೇಲಿಂದ ನಾನು ಭಕ್ತಿಯಿಂದ ನೀರು ಚಿಮುಕಿಸಿದ್ದೆ. ಎಲೆ ಅಲ್ಲಿ ಕೊಳೆಯುತ್ತಿರಲಿಲ್ಲ, ಬೇಯುತ್ತಿತ್ತು.

ನನ್ನ ಕೂಗಿಗೆ ಹುಸೇನಸಾಬ ಓಡಿ ಬಂದ. ನಾನು ಕಳ್ಳನ ಹಾಗೆ ನಿಂತಿದ್ದು ನೋಡಿ, "ಸಿಕ್ರ್ಯಲಾ! ನನಗ ಮೊದಲ ಗೊತ್ತಿತ್ತು, ನೀವ ಏನರ ಮಾಡಿ ನನ್ನ ಮ್ಯಾಲೆ ಹಾಕ್ತೀರಿ ಅಂತ," ಎಂದ.

"ಮಾತು ಆಮ್ಯಾಲೆ. ಮೊದಲ ಕೈ ಒಳಗ ಹಾಕು."

"ನನ್ನ ಕೈ ಎಲಿಗೆ ಹತ್ತಬಾರದು ಅಂತ ಹುಕುಂ ಐತಿ. ಈಗ ಮುಟ್ಟಿಸಿ ನಾಳಿ ಸಾಹುಕಾರಗ ಹೇಳ್ಬೇಕಂತೀರಿ?"

"ಹಾಕೋ ಮಾರಾಯಾ!"

ಹಾಕಿದ. ಮುಖ ಬದಲಾಯಿತು. ಅವನೂ ಇಷ್ಟು ದಿನ ಬೇರೆಯದನ್ನೇ ನಂಬಿದ್ದನಂತೆ. ಸಾಹುಕಾರರ ತೋಟದಲ್ಲೇ ಹಳೆಯ ಎಲೆ ಅಡಿಗಿಟ್ಟು ಕಟ್ಟಿಸಿ ದೋಷ ತನ್ನ ತಲೆಗೆ ಕಟ್ಟುತ್ತಾರೆ ಎಂದು. ಬುಟ್ಟಿಗಳನ್ನು ಹಿಂದಕ್ಕೆ ಸರಿಸಿದೆವು. ಒಬ್ಬ ಮನುಷ್ಯ ಆರಾಮಾಗಿ ಕೂರುವಷ್ಟು ಜಾಗ ಬಿಟ್ಟು, ಹಸಿ ಗೋಣಿ ಇಳಿಬಿಟ್ಟು, ತಾಡಪಾಲಿನ ಮುಂದಿನ ಬಾಯಿ ಬಿಚ್ಚಿ ಗಾಳಿಗೆ ದಾರಿ ಮಾಡಿದೆವು. ಬುಟ್ಟಿಗಳನ್ನು ಇಬ್ಬರೂ ಎತ್ತಿದೆವು, ಹುಕುಂ ಹಳ್ಳದ ಪಾಲಾಯಿತು. ಅದಾಗಲೇ ಬೆಂದ ಕೆಲವನ್ನು ಬಿಟ್ಟರೆ ಕೊಲ್ಲಾಪುರದಲ್ಲಿ ಎಲೆ ಹಸಿರಾಗಿ ಇಳಿಯಿತು.

ಮರಳುವಾಗ ಕಿತ್ತೂರು ದಾಟಿದ ಮೇಲೆ ಹುಸೇನಸಾಬ, "ನೀವ ಇದನ್ನ ಸಾಹುಕಾರಗ ಹೇಳಂಗಿಲ್ಲ, ಬಿಡ್ರಿ," ಎಂದ.

"ಯಾಕ?"

"ಹೇಳಿದ್ರ ನಿಮ್ಮ ನೌಕರಿ ಹೊಕ್ಕೈತಿ. ಮಡೀದಿಂದ ಎಲಿ ಉಳೀತು ಅಂತ ಇರೋದ ನಿಮಗ ಛಲೋ."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯುದ್ಧ ಮುಗಿಯುವವರೆಗೆ ನನ್ನ ಅನ್ನಕ್ಕೆ ತೊಂದರೆಯಿರಲಿಲ್ಲ. ಆದರೆ ನಿಂಬೆಹಣ್ಣಿನ ನೌಕರಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಇಳಿಯಲೊಲ್ಲದು. ಸಾಹುಕಾರರಿಗೆ ಎಲ್ಲ ಹೇಳಿದೆ. ಅವರು ಕಣ್ಣು ಸಣ್ಣಗೆ ಮಾಡಿ ಕೇಳಿದರು: "ಆ ಸಾಬ ನಿಮಗ ಏನ ಕೊಟ್ಟಾನ?"

"ಏನೂ ಇಲ್ರಿ! ಪೀಪಾಯಿ ಕಾವು..."

"ಪೀಪಾಯಿ ಹಿಂದಿನ ಸಲಾನೂ ಇತ್ತು. ಈ ಸಲ ನಿಮ್ಮ ಅವ್ವಾರ ಅವಲಕ್ಕಿ ನಿಯತ್ತಿಲೆ ತಿಂದೀರಿ, ಎಲಿ ಉಳದೈತಿ."

ಆಗ ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ನೋಡ್ರಿ. ಮುಂದಿನ ಸಲ ಹೊರಡೂಕಿಂತ ಮೊದಲ ನಾನು ಹುಸೇನಸಾಬನ ಮನ್ಯಾಗ ಊಟಾ ಮಾಡ್ತೀನಿ, ನಿಮ್ಮ ಕಣ್ಣ ಮುಂದ. ನೀವೂ ಲಾರಿ ಹತ್ತರಿ. ಎಲಿ ಕೆಟ್ರ ಊರ ಬಿಟ್ಟು ಹೋಗ್ತೀನಿ," ಎಂದುಬಿಟ್ಟೆ.

ಹುಸೇನಸಾಬನಿಗೆ ಹೇಳಿದರೆ ಅವನು ಕುಣಿದಾಡಲಿಲ್ಲ. "ನಮ್ಮ ಮನ್ಯಾಗ? ಎಲಿ ಕೆಟ್ರ ನಮ್ಮ ಕೂಳ ಕೆಡಿಸ್ತು ಅಂತ ಊರ ತುಂಬಾ ಅಂತೈತಿ. ಆಮ್ಯಾಲೆ ಇದ್ದಿಲ ಸುರಿಯೋ ಕೆಲಸಾನೂ ಇಲ್ಲ ನನಗ. ನಿಮಗ ಯಾರ ಹೇಳಿಕೊಟ್ರು ಇದನ್ನ?" ಎಂದು ನನ್ನ ಮುಖವನ್ನೇ ನೋಡಿದ. ಅವನನ್ನು ಒಪ್ಪಿಸುವುದು ತವಂದಿ ಹತ್ತಿಸಿದ್ದಕ್ಕಿಂತ ಕಷ್ಟವಾಯಿತು. ಕಡೆಗೆ, "ಕಾವು ನಿನ್ನ ಕೈಗೆ ಹತ್ತಿತೋ ಇಲ್ಲೋ?" ಎಂದು ಕೇಳಿದೆ. ಅಂಗೈ ನೋಡಿಕೊಂಡು, ಹೂಂ ಎಂದ.

ಹೊರಡುವ ದಿನ ಬೆಳಿಗ್ಗೆ ಅವನ ಮನೆಯ ಪಡಸಾಲೆಯಲ್ಲಿ ಕೂತೆ. ಅವನ ಹೆಂಡತಿ ಪಾತ್ರೆಗಳನ್ನು ಹೊಸದಾಗಿ ಕಲಾಯಿ ಮಾಡಿಸಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಜೊತೆಗೆ ಉಳ್ಳಾಗಡ್ಡಿ. ಬಾಗಿಲ ಹೊರಗೆ ಸಾಹುಕಾರರು, ಅವರ ಹಿಂದೆ ಅರ್ಧ ಓಣಿ. ಮೊದಲ ತುತ್ತು ಬಾಯಲ್ಲಿಟ್ಟಾಗ ಅಪ್ಪನ ಮುಖ ಕಣ್ಣ ಮುಂದೆ ಬಂತು. ಹೆದರಿದೆ, ಸುಳ್ಳು ಯಾಕೆ ಹೇಳಲಿ. ನುಂಗಲು ನೀರು ಬೇಕಾಯಿತು. ಮನೆಗೆ ಹೋಗಿ ಅವ್ವನ ಮುಖ ನೋಡುವ ಧೈರ್ಯವಾಗಲಿಲ್ಲ, ಅಲ್ಲಿಂದಲೇ ಲಾರಿ ಹತ್ತಿದೆ.

ಬುಟ್ಟಿಗಳನ್ನು ಹಿಂದಿನ ಸಲದ ಹಾಗೆ ಪೀಪಾಯಿಯಿಂದ ದೂರ ಜೋಡಿಸಿ ಆಗಿತ್ತು. ಆದರೂ ಆ ದಾರಿ ಮುಗಿಯಲೇ ಇಲ್ಲ ಅನಿಸಿತು. ಸಾಹುಕಾರರು ನಮ್ಮಿಬ್ಬರ ನಡುವೆ ಕೂತು ಒಮ್ಮೆ ಅವನ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದರು. ನಿಲ್ಲಿಸಿದಲ್ಲೆಲ್ಲ ಇಳಿದು ಬುಟ್ಟಿ ಮೂಸುತ್ತಿದ್ದರು. ತವಂದಿಯಲ್ಲಿ ಲಾರಿ ಮತ್ತೆ ನಿಂತಿತು, ಹುಸೇನಸಾಬ ಮತ್ತೆ ಕಲ್ಲು ಕೊಟ್ಟ. ಸಾಹುಕಾರರು ಶಿವಶಿವಾ ಎಂದು ನನ್ನ ತೋಳು ಹಿಡಿದುಕೊಂಡರು. ಕಾವು ನಾನೇ ಕೈಯಾರೆ ಮುಟ್ಟಿ ನೋಡಿದವನು. ಆದರೂ, ಅಕಸ್ಮಾತ್ ಸಾಹುಕಾರರ ಮಾತೇ ನಿಜವಾದರೆ?

ಕೊಲ್ಲಾಪುರದಲ್ಲಿ ಸಾಹುಕಾರರು ದಲಾಲಿಗೆ ಬಿಡದೆ ಬುಟ್ಟಿಗಳನ್ನು ತಾವೇ ಬಿಚ್ಚಿದರು. ಮುಂದಿನ ಸಾಲು ಹಸಿರು. ಹಿಂದಿನದೂ ಹಸಿರು. ಒಂದು ಎಲೆ ಹರಿದು ಅಗಿದು ನೋಡಿದರು. ದಲಾಲಿ ಹೊಗಳುತ್ತಿದ್ದ, ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕಡೆಗೆ ನನ್ನ ಕಡೆ ತಿರುಗಿ ಕೇಳಿದರು:

"ಹಂಗಾದ್ರ ಆಚಾರ್ರ, ನಿಮ್ಮನ್ನ ಯಾಕ ಇಟ್ಕೊಬೇಕ್ರಿ ನಾನು?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಲಾರಿ ಚಾಲೂ ಮಾಡುವ ಹ್ಯಾಂಡಲನ್ನು ಹುಸೇನಸಾಬನ ಕೈಗೆ ಕೊಟ್ಟು ಕೆಳಗಿಳಿದೆ. ಅವನು ಅದನ್ನು ಹಿಡಿದುಕೊಂಡು ಒಂದು ಗಳಿಗೆ ನನ್ನನ್ನು ನೋಡಿ, "ಇದ್ದಿಲ ಸುರಿಯೋರ ಯಾರ್ರಿ ಸಾಹುಕಾರ? ಆಚಾರ್ರ ಇರ್ಲಿ. ಗಾಡಿ ಹೊಡಿಯೋದು ನಾ ಕಲಸ್ತೇನಿ," ಎಂದ. ಬರುವಾಗ ಲಾರಿ ಅವನೇ ನಡೆಸಿದ. ನಾನು ಮುಖಕ್ಕೆಲ್ಲ ಮಸಿ ಮಾಡಿಕೊಂಡು ಪೀಪಾಯಿಯ ಹತ್ತಿರ ನಿಂತಿದ್ದೆ. ಅವಮಾನ ಆಗಬೇಕಿತ್ತು, ಆಗಲಿಲ್ಲ.

ಹೆದರಿಕೆ ಇದ್ದದ್ದು ಮನೆಯದು. ಸುದ್ದಿ ನನಗಿಂತ ಮುಂಚೆ ಓಣಿ ಮುಟ್ಟಿತ್ತು. ಎದುರು ಮನೆಯವರು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು. ಮುಂದೆ ಎಷ್ಟೋ ವರ್ಷ ನಮ್ಮನ್ನು ಯಾರೂ ಪಂಕ್ತಿಗೆ ಕರೆಯಲಿಲ್ಲ. ಅವ್ವ ಹೊಸ್ತಿಲ ಮೇಲೆ ಅಡ್ಡ ಕೂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು. ನಾನು ಅಂಗಳದಲ್ಲೇ ನಿಂತೆ.

"ಉಂಡ್ಯಂತ?"

"ಉಂಡೆ."

"ಕುಂತು?"

"ಕುಂತೇ ಉಂಡೆ, ಅವ್ವಾ."

"ಎಲಿ ಏನಾತು?"

"ಹಸರ ಇತ್ತು."

"ಸುಳ್ಳ ಹೇಳಬ್ಯಾಡ. ಒಂದೂ ಕೆಡಲಿಲ್ಲ?"

"ಒಂದೂ ಕೆಡಲಿಲ್ಲ."

ಅವ್ವ ನನ್ನ ಮಸಿ ಮೆತ್ತಿದ ಮುಖವನ್ನು ಮೇಲಿಂದ ಕೆಳಗೆ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೊಸ್ತಿಲು ಬಿಟ್ಟಳು. "ಎಲಿಗೆ ಹತ್ತಲಾರದ್ದು ನಿನಗ ಹೆಂಗ ಹತ್ತೀತು? ಬಾ ಒಳಗ," ಎಂದಳು.

ಕೈಕಾಲು ತೊಳೆದು ಬಂದೆ. ತಾಟು ಹಾಕಿ ಬಡಿಸಿದಳು. ನಾನು ಎರಡನೆಯ ರೊಟ್ಟಿ ಮುರಿಯುವಾಗ, ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು:

"ಹುಸೇನಸಾಬನ ಹೆಂಡ್ತಿ ರೊಟ್ಟಿ ನನಕಿಂತ ತೆಳ್ಳಗ ಬಡೀತಾಳೇನು?"

ಇಲ್ಲ ಎಂದೆ. ಅವ್ವ ನಂಬಲಿಲ್ಲ.